ಹೌಲ್ಯಾಂಡ್ ವಂಶೋತ್ಪತ್ತಿ: ಒಂದು ಮೂಲಪುರುಷಾನ್ವೇಷಣಾತ್ಮಕ ಅಧ್ಯಯನ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಅಟ್ಲಾಂಟಿಕ್ ಸಾಗರ. ಮಿತಿ, ಒಂದು ಹಗ್ಗ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ 102 ಪ್ರಯಾಣಿಕರಲ್ಲಿ ಜಾನ್ ಹೌಲ್ಯಾಂಡನೂ ಒಬ್ಬ. ಜಾನ್ ಕಾರ್ವರ್ ಎಂಬವನ ಆಳು. ನಡುಗಡಲಿನ ಬಿರುಗಾಳಿಯಲ್ಲಿ ಡೆಕ್ಕಿಗೆ ಬಂದವನು ನೀರಿಗೆ ಬಿದ್ದ, ಜೋತುಬಿದ್ದಿದ್ದ ಹಾಯಿಹಗ್ಗ ಕೈಗೆ ಸಿಕ್ಕಿತು, ಮೇಲೆಳೆದುಕೊಂಡರು. ಆ ಕೈ ಜಾರಿದ್ದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇಲ್ಲ, ಇಬ್ಬರು ಬುಷ್‌ಗಳಿಲ್ಲ, ನಟ ಹಂಫ್ರಿ ಬೋಗಾರ್ಟ್ ಇಲ್ಲ. ಇದನ್ನು ನಾವು 'ಏಕರಜ್ಜ್ವವಲಂಬಿತ ಸಂತಾನಸಿದ್ಧಾಂತ'ವೆಂದು ಪರಿಭಾವಿಸಬಯಸುತ್ತೇವೆ. ವಿದ್ವಾಂಸರು ಚರ್ಚಿಸಲಿ.

ಮೂಲಪುರುಷರನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

(ಅ) ನೌಕಾಸ್ಥರು: ಹಡಗಿನಲ್ಲಿ ನಿಜಕ್ಕೂ ಇದ್ದವರು. ಇವರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಸತ್ತವರಿಗೆ ಮೊಮ್ಮಕ್ಕಳು ಹುಟ್ಟಿಸುವ ಕಲೆ ಮುಂದಿನ ಶತಮಾನಗಳದ್ದು.

(ಆ) ಶ್ವಶುರಪಲ್ಲಟಿತರು: ಹೌಲ್ಯಾಂಡನ ಹೆಂಡತಿ ಕಾರ್ವರನ ಮಗಳೋ ಮೊಮ್ಮಗಳೋ ಎಂದು ವಂಶಸ್ಥರು ಬಹುಕಾಲ ನಂಬಿದ್ದರು. ಕಾರ್ವರ್ ಪ್ಲಿಮತ್ ವಸಾಹತಿನ ಮೊದಲ ಗವರ್ನರ್. ಆಳಿಗಿಂತ ಗವರ್ನರನ ಅಳಿಯ ವಾಸಿಯಲ್ಲವೇ? 1855ರಲ್ಲಿ ಲಂಡನ್ ಬಿಷಪ್ಪರ ಪುಸ್ತಕಭಂಡಾರದಲ್ಲಿ, ಅದೇ ಹಡಗಿನಲ್ಲಿ ಬಂದು ವಸಾಹತಿನ ಕಥೆ ಬರೆದಿಟ್ಟ ವಿಲಿಯಂ ಬ್ರಾಡ್‌ಫರ್ಡನ ಹಸ್ತಪ್ರತಿ ಪತ್ತೆಯಾಯಿತು. ಅದರ ಪ್ರಕಾರ ಹೌಲ್ಯಾಂಡನ ಹೆಂಡತಿ ಎಲಿಜಬೆತ್ ಟಿಲ್ಲಿ. ಮೊದಲ ಚಳಿಗಾಲದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ತಬ್ಬಲಿ. ಸಾವಿರಾರು ಜನರಿಗೆ ಒಂದೇ ದಿನ ಮುತ್ತಜ್ಜಿ ಬದಲಾದಳು.

(ಇ) ಕ್ರೀತಪಿತಾಮಹರು: ಗುಸ್ಟಾವ್ ಆಂಜೂ ಎಂಬಾತ ಅಮೆರಿಕದ ಸಿರಿವಂತರಿಗೆ ಖೊಟ್ಟಿ ವಂಶಾವಳಿ ಬರೆದುಕೊಟ್ಟು ದುಡ್ಡು ಮಾಡಿದ. ಹೊಯ್ಸಳರನ್ನು ಯದುವಿಗೆ ಅಂಟಿಸಿದ ನಮ್ಮ ಶಾಸನಕವಿಗಳಿಗೆ ಈತ ಹೊಸಬನಲ್ಲ. ಅವರಾದರೋ ದತ್ತಿ ಎಷ್ಟೆಂಬುದನ್ನೂ ಅದೇ ಕಲ್ಲಿನಲ್ಲಿ ಕೆತ್ತುತ್ತಿದ್ದರು.

(ಈ) ನಾಲ್ಕನೆಯ ವರ್ಗವೊಂದು ಇತ್ತು. ಬಿಡಿ. ವಿಚಾರಸಂಕಿರಣದಲ್ಲಿ ಊಟದ ಹೊತ್ತಾದಾಗ ಅಧ್ಯಕ್ಷರೂ ಬಿಡುತ್ತಾರೆ.

ಲೆಕ್ಕ ಮಾತ್ರ ಬಿಡುವಂತಿಲ್ಲ. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಆ ಒಂದೇ ಸಾಲಿನಲ್ಲಿ ಪ್ರತಿಯೊಬ್ಬನಿಗೂ 4,096 ಹಿರಿಯರ ಜಾಗ. ಅದರಲ್ಲಿ ಒಬ್ಬನನ್ನು ಆರಿಸಿ, ಚೌಕಟ್ಟು ಹಾಕಿಸಿ, ಮಿಕ್ಕ 4,095 ಮಂದಿಯನ್ನು ಕೈಬಿಡುವುದಕ್ಕೆ 'ಮೂಲಶೋಧ' ಎಂದು ಹೆಸರು. 1897ರಲ್ಲಿ ಮೇಫ್ಲವರ್ ವಂಶಸ್ಥರ ಸಂಘವೂ ಹುಟ್ಟಿತು. ಸದಸ್ಯತ್ವಕ್ಕೆ ತಲೆಮಾರು ತಲೆಮಾರಿಗೂ ಪುರಾವೆ ಬೇಕು. ಸಿಗುತ್ತದೆ ಕೂಡ. ಹೌಲ್ಯಾಂಡನ ಉಯಿಲು ಉಳಿದಿದೆ, ಹತ್ತು ಮಕ್ಕಳ ಹೆಸರು ಉಳಿದಿವೆ. ಕಾಗದ ಅವರದು, ಶಾಯಿ ಅವರದು, ಬೀಗದ ಕೈಯೂ ಅವರದೇ.

ಪ್ಲಿಮತ್ ಕಟ್ಟಿದ್ದು ಬರಿಯ ನೆಲದಲ್ಲಲ್ಲ. ಅದು ಪಟುಕ್ಸೆಟ್ ಎಂಬ ಊರು. ಹಡಗು ಬರುವ ಕೆಲವೇ ವರ್ಷ ಮೊದಲು ಸಾಂಕ್ರಾಮಿಕ ರೋಗಕ್ಕೆ ಊರಿಗೆ ಊರೇ ಬರಿದಾಗಿತ್ತು. ಆ ಮನೆಗಳಲ್ಲಿ ಯಾರ ಮಗ ಯಾರು, ಯಾರಿಗೆ ಯಾರು ಬೀಗರು? ಇದಕ್ಕೆ ಪರಿಭಾಷೆ ಕಟ್ಟಲು ನನಗೆ ಮನಸ್ಸಿಲ್ಲ.

1621ರಲ್ಲಿ ಹೌಲ್ಯಾಂಡನ ಒಡೆಯ ಕಾರ್ವರ್, ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟನ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ. ಐವತ್ತೈದು ವರ್ಷದ ಬಳಿಕ ಆ ನಾಯಕನ ಮಗ ಮೆಟಾಕಾಮನನ್ನು ವಸಾಹತಿನ ಕಡೆಯವರು ಯುದ್ಧದಲ್ಲಿ ಕೊಂದು, ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ, ವರ್ಷಗಟ್ಟಲೆ ಇಳಿಸದೆ ಬಿಟ್ಟರು. ಮೆಟಾಕಾಮನ ಸುಮಾರು ಒಂಬತ್ತು ವರ್ಷದ ಮಗನನ್ನು ಕೊಲ್ಲಬೇಕೋ ಬೇಡವೋ ಎಂದು ಪಾದ್ರಿಗಳು ಬೈಬಲ್ ತೆರೆದು ವಾದಿಸಿದರು. ವಾದ ಮಾಡಿದವರ ಹೆಸರು, ಪತ್ರ, ತಾರೀಖು ಎಲ್ಲವೂ ಜೋಪಾನವಾಗಿವೆ. ಹುಡುಗನನ್ನು ಗುಲಾಮನನ್ನಾಗಿ ಹೊರದೇಶಕ್ಕೆ ಮಾರಿದರು. ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.