ಅಭಿಮಾನಿಗೂ ಒಂದಿಷ್ಟು ವಿಶ್ರಾಂತಿ

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡಬೇಕೆಂದರೆ ನಮ್ಮಂಥವರು ಹಾಲಿನವನಿಗಿಂತ ಮೊದಲೇ ಏಳಬೇಕು. ಕಣ್ಣುಜ್ಜಿಕೊಂಡು ಟಿವಿ ಹಚ್ಚಿದರೆ, ತಾರಾ ಆಟಗಾರ ಕೋಟು ತೊಟ್ಟು ಬೆಂಚಿನ ಮೇಲೆ ಕೂತಿರುತ್ತಾನೆ. ಗಾಯವೇ? ಅಲ್ಲವಂತೆ, 'ಲೋಡ್ ಮ್ಯಾನೇಜ್‌ಮೆಂಟ್' ಅಂತೆ! ಒಂದು ಋತುವಿನ 82 ಪಂದ್ಯಗಳ ಭಾರ ಇಳಿಸಿಕೊಳ್ಳುತ್ತಿದ್ದಾನೆ. ಈ ಚಾಳಿ ಎಷ್ಟು ಬೆಳೆಯಿತೆಂದರೆ, 65 ಪಂದ್ಯವಾದರೂ ಆಡದವರಿಗೆ ಎಂವಿಪಿಯಂಥ ದೊಡ್ಡ ಪ್ರಶಸ್ತಿ ಇಲ್ಲ ಎಂದು 2023ರಲ್ಲಿ ನಿಯಮವನ್ನೇ ತಂದರು. ನಮ್ಮ ಕಾಲೇಜಿನ ಹಾಜರಿ ಕಾಟ ಕೋಟ್ಯಧೀಶರಿಗೂ ತಗುಲಿತಲ್ಲ, ಅಷ್ಟೇ ಸಮಾಧಾನ.

ಆಟ 48 ನಿಮಿಷದ್ದು. ಮುಗಿಯುವಷ್ಟರಲ್ಲಿ ಎರಡು ಗಂಟೆ ದಾಟಿರುತ್ತದೆ. ಕೊನೆಯ ಎರಡು ನಿಮಿಷದಲ್ಲಂತೂ ಫೌಲು, ಟೈಮ್‌ಔಟು, ಜಾಹೀರಾತು. ಕುಕ್ಕರ್ ಇಟ್ಟು ಮೂರು ಸಲ ಕೂಗಿಸಿ ಬಂದರೂ ಗಡಿಯಾರ ಅಲ್ಲೇ.

ಇನ್ನು ನಿಷ್ಠೆ. ಅದು ನಮ್ಮ ಇಲಾಖೆ, ತಂಡಗಳದ್ದಲ್ಲ. ಸಿಯಾಟಲ್ ಜನ 1967ರಿಂದ ತಲೆಮೇಲೆ ಹೊತ್ತ ಸೂಪರ್‌ಸಾನಿಕ್ಸ್ ತಂಡ 2008ರಲ್ಲಿ ಗಂಟುಮೂಟೆ ಕಟ್ಟಿ ಒಕ್ಲಹಾಮಾಕ್ಕೆ ಹೋಯಿತು. ಡಲ್ಲಾಸನ್ನು 2024ರಲ್ಲಿ ಫೈನಲ್‌ಗೆ ಒಯ್ದ ಲೂಕಾ ಡಾಂಚಿಚ್‌ನನ್ನು ಎಂಟೇ ತಿಂಗಳಲ್ಲಿ, ಅದೂ ನಡುರಾತ್ರಿ, ಲಾಸ್ ಏಂಜಲೀಸ್‌ಗೆ ಸಾಗಹಾಕಿದರು. ಅಭಿಮಾನಿಗಳು ಕ್ರೀಡಾಂಗಣದ ಮುಂದೆ ಶವಪೆಟ್ಟಿಗೆ ತಂದಿಟ್ಟು ಅತ್ತರು. ಆ ಪಾಪಕ್ಕೆ ಡಲ್ಲಾಸ್‌ಗೆ ಸಿಕ್ಕ ಶಿಕ್ಷೆ ಏನು ಗೊತ್ತೆ? ಹೊಸ ಆಟಗಾರರನ್ನು ಆರಿಸುವ ಸರದಿ ನಿರ್ಧರಿಸುವ ಡ್ರಾಫ್ಟ್ ಲಾಟರಿಯಲ್ಲಿ, ಶೇ 1.8ರಷ್ಟೇ ಅವಕಾಶವಿದ್ದರೂ, ಮೊದಲ ಸ್ಥಾನ! ಕೂಪರ್ ಫ್ಲ್ಯಾಗ್ ಎಂಬ ಚಿನ್ನದಂಥ ಹುಡುಗ ಸಿಕ್ಕಿದ.

ಅವನ ಜೆರ್ಸಿ ಕೊಳ್ಳಲು ನಾನೂ ತಯಾರು. ಬೆನ್ನಿನ ಹೆಸರನ್ನು ಹೊಲಿಯದೆ ಪಿನ್ನು ಚುಚ್ಚಿ ಕೊಡುವುದಾದರೆ.