‘ಕೇಳಿದ್ದನ್ನಷ್ಟೇ ತಂದೆ ಸ್ವಾಮಿ’

ಪೈಥಾನ್ ಕೋಡ್ ಬರೆಯುವವರಿಗೂ ಡೇಟಾಬೇಸ್‌ಗೂ ನಡುವೆ ಕೂತ ಆಸಾಮಿ ಜಾಂಗೋ ಒಆರ್‌ಎಂ. ಒಂದು ಕಡೆಯವರಿಗೆ ಕ್ಲಾಸು, ಆಬ್ಜೆಕ್ಟು ಬಿಟ್ಟರೆ ಬೇರೆ ಮಾತಿಲ್ಲ. ಇನ್ನೊಂದು ಕಡೆಯವರಿಗೆ ಟೇಬಲ್ಲು, ರೋ, ಕಾಲಂ. ಇಬ್ಬರಿಂದಲೂ ಸೈ ಅನ್ನಿಸಿಕೊಳ್ಳುವುದು ಇವರ ಕಸುಬು. ಪ್ರೋಗ್ರಾಮರುಗಳ ದೂರುಗಳನ್ನು ಹಿಡಿದುಕೊಂಡೇ ಮಾತಿಗೆ ಕೂತೆ.

ತಮ್ಮ ಊರು?

ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್. ಅಲ್ಲಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿ ಹುಟ್ಟಿದವನು. 2005ರಲ್ಲಿ ನಮ್ಮನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ಕೊಟ್ಟರು. ಹೆಸರು ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರದು. ಒಟ್ಟಿನಲ್ಲಿ ನಾನೂ ನಿಮ್ಮ ಪತ್ರಿಕಾ ಕುಲದವನೇ.

ಹಾಗಿದ್ದೂ ನಿಮ್ಮ ಮೇಲೆ ಸೋಮಾರಿ ಅನ್ನುವ ಆರೋಪವಿದೆ.

ಆರೋಪವಲ್ಲ, ಬಿರುದು. ಫಿಲ್ಟರ್, ಎಕ್ಸ್‌ಕ್ಲೂಡ್, ಆರ್ಡರ್ ಬೈ ಎಂದು ಎಷ್ಟು ಪೋಣಿಸಿದರೂ ನಾನು ಡೇಟಾಬೇಸ್ ಕಡೆ ತಲೆ ಹಾಕುವುದಿಲ್ಲ. ಫಾರ್ ಲೂಪ್ ಶುರುವಾದ ಮೇಲೇ ಎದ್ದು ಹೋಗುವುದು. ನಮ್ಮ ಕೈಪಿಡಿಯಲ್ಲಿ ಇದನ್ನು ‘ಲೇಜಿ’ ಎಂದು ಹೆಮ್ಮೆಯಿಂದ ಬರೆದಿದ್ದಾರೆ.

ಇಲ್ಲೊಬ್ಬರು ನೂರು ಪುಸ್ತಕ ತರಿಸಿ, ಒಂದೊಂದರ ಎದುರಿಗೂ ‘ಬುಕ್ ಡಾಟ್ ಆಥರ್ ಡಾಟ್ ನೇಮ್’ ಎಂದು ಲೇಖಕರ ಹೆಸರು ಹಾಕಿಸಿದ್ದಾರೆ. ಪುಟ ತೆರೆಯುವಷ್ಟರಲ್ಲಿ ಕಾಫಿ ಆರಿತಂತೆ.

ಪುಸ್ತಕ ಕೇಳಿದರು, ಒಂದು ಕ್ವೆರಿ ಹಾಕಿದೆ. ಮೊದಲ ಪುಸ್ತಕದ ಲೇಖಕರು ಯಾರು ಅಂದರು, ಹೋಗಿ ತಂದೆ. ಎರಡನೆಯದರದ್ದು ಅಂದರು, ಮತ್ತೆ ಹೋದೆ. ಒಟ್ಟು 101 ಸಲ. ಕೇಳಿದ್ದನ್ನಷ್ಟೇ ತಂದೆ ಸ್ವಾಮಿ.

ನೂರೂ ಪುಸ್ತಕ ಒಬ್ಬರೇ ಬರೆದಿದ್ದರೆ?

ಆಗಲೂ 101. ಎಸ್‌ಕ್ಯೂಎಲ್‌ಆಲ್ಕೆಮಿ ಅಂತ ನಮ್ಮ ದಾಯಾದಿ ಇದ್ದಾರೆ, ಒಂದು ಸೆಷನ್‌ನಲ್ಲಿ ಒಮ್ಮೆ ಕಂಡವರನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ‘ಸೆಲೆಕ್ಟ್ ರಿಲೇಟೆಡ್’ ಎಂದು ಒಂದು ಮಾತು ಸೇರಿಸಿದ್ದರೆ ಜಾಯಿನ್ ಹಾಕಿ ಒಂದೇ ಸಲಕ್ಕೆ ತರುತ್ತಿದ್ದೆ. ಕೋಡ್ ಬರೆಯುವಾಗ ಅವರ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಐದೇ ಪುಸ್ತಕ, ಯಾರಿಗೂ ಗೊತ್ತಾಗಲಿಲ್ಲ.

(ಕ್ವೆರಿ ಲಾಗ್ ತೆರೆದು ನೋಡುವ ಅಭ್ಯಾಸ ನಮ್ಮವರಲ್ಲಿ ಅಪರೂಪ ಎಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.)

ಇನ್ನೊಂದು ದೂರು. ಒಬ್ಬರು ಬೆಲೆ ತಿದ್ದಿ ಸೇವ್ ಮಾಡಿದರೆ, ಅದೇ ಹೊತ್ತಿಗೆ ಇನ್ನೊಬ್ಬರು ತಿದ್ದಿದ್ದ ಶೀರ್ಷಿಕೆ ಮಾಯ.

ಸೇವ್ ಅಂದರು. ಕೈಯಲ್ಲಿದ್ದ ಹಳೇ ಶೀರ್ಷಿಕೆ ಸಮೇತ ಎಲ್ಲ ಕಾಲಮ್ಮುಗಳನ್ನೂ ಬರೆದೆ. ಬೆಲೆ ಮಾತ್ರ ಅನ್ನುವವರು ‘ಅಪ್‌ಡೇಟ್ ಫೀಲ್ಡ್ಸ್’ನಲ್ಲಿ ಬೆಲೆಯ ಹೆಸರು ಕೊಡಬೇಕು.

ಅಳಿಸುವಾಗಲಾದರೂ ಯೋಚಿಸುತ್ತೀರಾ?

ಅಲ್ಲಿ ನಾನು ಮಹಾ ಹುಷಾರು. ‘ಬುಕ್ ಡಾಟ್ ಆಬ್ಜೆಕ್ಟ್ಸ್ ಡಾಟ್ ಡಿಲೀಟ್’ ಅಂದರೆ ಒಪ್ಪುವುದೇ ಇಲ್ಲ, ಎರರ್ ಕೊಡುತ್ತೇನೆ. ಬಾಯಿ ತಪ್ಪಿ ಅಂದಿದ್ದರೆ? ನಡುವೆ ‘ಆಲ್’ ಸೇರಿಸಿ ಪೂರ್ತಿ ಹೇಳಬೇಕು.

ಸೇರಿಸಿದರೆ?

ಎಲ್ಲ ಅಳಿಸುತ್ತೇನೆ.

ಒಬ್ಬ ಲೇಖಕರನ್ನು ತೆಗೆದರೆ ಅವರ ಪುಸ್ತಕಗಳೂ ಹೋದವಂತೆ!

ಮಾಡೆಲ್‌ನಲ್ಲಿ ‘ಕ್ಯಾಸ್ಕೇಡ್’ ಎಂದು ಬರೆದಿದ್ದು ಅವರೇ. ಮೊದಲೆಲ್ಲ ಏನೂ ಬರೆಯದಿದ್ದರೂ ಕ್ಯಾಸ್ಕೇಡ್ ಅಂತಲೇ ತಿಳಿಯುತ್ತಿದ್ದೆ. 2017ರಲ್ಲಿ 2.0 ಬಂದ ಮೇಲೆ ಬಾಯಿಬಿಟ್ಟು ಹೇಳುವುದು ಕಡ್ಡಾಯ. ‘ಪ್ರೊಟೆಕ್ಟ್’ ಅಂತಲೂ ಹೇಳಬಹುದಿತ್ತು. ಆದರೆ ಹಳೇ ಪ್ರಾಜೆಕ್ಟಿನಿಂದ ಕಾಪಿ ಮಾಡುವಾಗ ಸಿಕ್ಕಿದ್ದು ಅದೇ.

ನಿಮ್ಮ ಸಹವಾಸವೇ ಬೇಡ ಎಂದು ನೇರ ಎಸ್‌ಕ್ಯೂಎಲ್ ಬರೆದರೆ?

ಧಾರಾಳವಾಗಿ. ‘ರಾ’ ಎಂಬ ಹಿಂಬಾಗಿಲನ್ನು ನಾನೇ ಇಟ್ಟಿದ್ದೇನೆ. ಮುಂಬಾಗಿಲಲ್ಲಿ ಬಂದರೆ, ಬಳಕೆದಾರ ಟೈಪ್ ಮಾಡಿದ್ದನ್ನು ಕ್ವೆರಿಯಿಂದ ಬೇರೆಯಾಗಿಟ್ಟು ಡ್ರೈವರ್ ಕೈಗೆ ಕೊಡುತ್ತೇನೆ. ಹಿಂಬಾಗಿಲಲ್ಲೂ ಹಾಗೆ ಮಾಡಲು ದಾರಿಯಿದೆ, ಅವಸರದವರು ಎಫ್-ಸ್ಟ್ರಿಂಗ್‌ನಲ್ಲಿ ಅಂಟಿಸಿಬಿಡುತ್ತಾರೆ. ಆಮೇಲೆ ಯಾರೋ ಪುಣ್ಯಾತ್ಮ ಹೆಸರಿನ ಜಾಗದಲ್ಲಿ ‘ಡ್ರಾಪ್ ಟೇಬಲ್’ ಎಂದು ತುಂಬುತ್ತಾನೆ.

ಆಗ ನೀವು ನೆರವಿಗೆ ಬರುತ್ತೀರಾ?

ಯಾಕೆ ಬರುವುದಿಲ್ಲ? ಮೈಗ್ರೇಷನ್ ಫೈಲು ನನ್ನ ಹತ್ತಿರವೇ ಇರುತ್ತದೆ. ಅದೇ ಟೇಬಲ್ಲನ್ನು ಕಾಲಮ್ಮು, ಇಂಡೆಕ್ಸು ಸಮೇತ ಕಟ್ಟಿಕೊಡುತ್ತೇನೆ. ಖಾಲಿ ಇರುತ್ತದೆ, ಅಷ್ಟೇ.