ಕ್ಲಿಕ್ಕಿಗೊಂದು ಕಾಸು

ಚನ್ನಪಟ್ಟಣದ ಮರದ ಗೊಂಬೆಗಳನ್ನು ಮಾರಲು ಹೊಸದಾಗಿ ಜಾಲತಾಣ ತೆರೆದ ವ್ಯಾಪಾರಿಗೂ ಜಾಹೀರಾತು ಸಲಹೆಗಾರನಿಗೂ ನಡೆದ ಈ ಸಂವಾದವು, 2000ರಲ್ಲಿ ಆ್ಯಡ್‌ವರ್ಡ್ಸ್ ಎಂಬ ಹೆಸರಿನಿಂದ ಆರಂಭವಾಗಿ 2018ರಲ್ಲಿ ಗೂಗಲ್ ಆ್ಯಡ್ಸ್ ಎಂದು ಮರುನಾಮಕರಣಗೊಂಡ ಜಾಹೀರಾತು ವ್ಯವಸ್ಥೆಯ ತತ್ತ್ವಮೀಮಾಂಸೆಯಾಗಿದೆ.

ವ್ಯಾಪಾರಿ: ಹೆಚ್ಚು ಹಣ ಕೂಗಿದವರಿಗೇ ಮೊದಲ ಸ್ಥಾನವಲ್ಲವೇ?

ಸಲಹೆಗಾರ: ಅಲ್ಲ ಸ್ವಾಮಿ, ಪ್ರತಿ ಹುಡುಕಾಟಕ್ಕೂ ನಡೆಯುವ ಹರಾಜಿನಲ್ಲಿ ಕೂಗಿದ ಬೆಲೆಯ ಜೊತೆಗೆ ಜಾಹೀರಾತಿನ ಪ್ರಸ್ತುತತೆಯನ್ನೂ ಅದು ಕರೆದೊಯ್ಯುವ ಪುಟದ ಗುಣಮಟ್ಟವನ್ನೂ ತೂಗಲಾಗುತ್ತದೆ.

ವ್ಯಾಪಾರಿ: ‘ಗೊಂಬೆ’ ಎಂಬ ಕೀವರ್ಡ್‌ಗೆ, ಅಂದರೆ ಹುಡುಕುಪದಕ್ಕೆ, ಬಂದವರೆಲ್ಲ ಗಿರಾಕಿಗಳೇ ತಾನೆ?

ಸಲಹೆಗಾರ: ಅವರಲ್ಲಿ ಗೊಂಬೆಯ ಚಿತ್ರ ಬೇಕಾದವರೂ ಗೊಂಬೆಯಾಟದ ವಿಡಿಯೊ ಅರಸುವವರೂ ಇದ್ದು, ಅವರು ಕೊಳ್ಳದೆ ಹೋದರೂ ಕ್ಲಿಕ್ಕಿನ ಶುಲ್ಕ ತೆರಬೇಕಾದವರು ತಾವೇ ಆದ್ದರಿಂದ, ‘ಉಚಿತ’, ‘ಚಿತ್ರ’ ಮುಂತಾದವನ್ನು ನೆಗೆಟಿವ್ ಕೀವರ್ಡ್‌ಗಳ, ಎಂದರೆ ಜಾಹೀರಾತನ್ನು ತಡೆಯುವ ಪದಗಳ, ಪಟ್ಟಿಗೆ ಸೇರಿಸಬೇಕು.

ವ್ಯಾಪಾರಿ: ಸೇರಿಸಿದ ಮೇಲೂ ಒಂದು ಬುಗುರಿಯೂ ಮಾರಾಟವಾಗಲಿಲ್ಲವಲ್ಲ?

ಸಲಹೆಗಾರ: ನವೀಕರಣ ದಂಡದ ಖರ್ಚೆಂದು ತಾವು ಕೈಬಿಟ್ಟಿದ್ದರಿಂದ ತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದ್ದು, ಬಂದವರನ್ನು ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಎಚ್ಚರಿಸಿ ಹೊಸ್ತಿಲಲ್ಲೇ ತಡೆಯುತ್ತಿದೆ.

ವ್ಯಾಪಾರಿ: ಅಷ್ಟೇ ತಾನೆ? ‘ಸುರಕ್ಷಿತವಲ್ಲ’ ಎಂಬುದನ್ನೂ ಆ ತಡೆಪಟ್ಟಿಗೇ ಸೇರಿಸಿಬಿಡಿ.